ಸಂಕಲನಕಾರ ಮಾಡದ ಆಯ್ಕೆಗಳು

ಒಂದು 4ಕೆ ಫ್ರೇಮಿನಲ್ಲಿ 82,94,400 ಪಿಕ್ಸೆಲ್‌ಗಳಿರುತ್ತವೆ. ಫುಲ್ ಎಚ್‌ಡಿ ಫ್ರೇಮಿನಲ್ಲಿ ಇರುವುದು 20,73,600, ಅಂದರೆ ಸರಿಯಾಗಿ ಕಾಲುಭಾಗ. ನೃತ್ಯ ಕಾರ್ಯಕ್ರಮವೊಂದನ್ನು 4ಕೆಯಲ್ಲಿ ಚಿತ್ರೀಕರಿಸಿ ಎಚ್‌ಡಿಯಲ್ಲಿ ಸಂಕಲನ ಮಾಡುವವರಿಗೆ ಈ ಹೆಚ್ಚುವರಿ ಪಿಕ್ಸೆಲ್‌ಗಳು ದೊಡ್ಡ ಆಸ್ತಿ. ಇಡೀ ರಂಗ ಕಾಣುವ ಒಂದೇ ಶಾಟನ್ನು ಆಮೇಲೆ ಹಿಗ್ಗಿಸಿ ನರ್ತಕಿಯ ಮುಖಕ್ಕೂ ಹಸ್ತಮುದ್ರೆಗೂ ಹತ್ತಿರ ಹೋಗಬಹುದು. ಎರಡನೆಯ ಕ್ಯಾಮೆರಾ ಇಲ್ಲದ ಕೊರತೆ ಅಷ್ಟರಮಟ್ಟಿಗೆ ನೀಗುತ್ತದೆ. ಅಡೋಬಿ ಪ್ರೀಮಿಯರ್ ಪ್ರೊದಲ್ಲಿ ಇಂಥ ಕ್ಲಿಪ್ಪಿನ ಮೇಲೆ ಮೌಸಿನ ಬಲಗುಂಡಿ ಒತ್ತಿದರೆ ತೆರೆಯುವ ಪಟ್ಟಿಯಲ್ಲಿ ಬಹುಕಾಲ ಎರಡು ಸಾಲುಗಳು ಅಕ್ಕಪಕ್ಕದಲ್ಲಿದ್ದವು: 'ಸ್ಕೇಲ್ ಟು ಫ್ರೇಮ್ ಸೈಜ್' ಮತ್ತು 'ಸೆಟ್ ಟು ಫ್ರೇಮ್ ಸೈಜ್'. ಯಾವುದನ್ನು ಒತ್ತಿದರೂ ಪರದೆಯ ಮೇಲೆ ಆ ಕ್ಷಣಕ್ಕೆ ಕಾಣುವುದು ಒಂದೇ ಚಿತ್ರ. ಆದರೆ ಮೊದಲನೆಯದು 4ಕೆ ಚಿತ್ರವನ್ನು ಎಚ್‌ಡಿ ಅಳತೆಗೆ ಇಳಿಸಿ, ಇಳಿಸಿದ್ದನ್ನೇ ಮೂಲವೆಂದು ಎಣಿಸುತ್ತದೆ. ಎರಡನೆಯದು ಮೂಲ ಪಿಕ್ಸೆಲ್‌ಗಳನ್ನೆಲ್ಲ ಉಳಿಸಿಕೊಂಡು ಸ್ಕೇಲ್ ಅಂಕಿಯನ್ನು ಮಾತ್ರ ಶೇ. 50ಕ್ಕೆ ಬದಲಿಸುತ್ತದೆ. ಇದರ ಫಲ ಗೊತ್ತಾಗುವುದು ಮುಖಕ್ಕೆ ಹತ್ತಿರ ಹೋದಾಗ. ಎರಡನೆಯದರಲ್ಲಿ ಕಣ್ಣಿನ ಕಾಡಿಗೆಯ ಗೆರೆ ಗೆರೆಯಾಗಿಯೇ ಇರುತ್ತದೆ, ಮೊದಲನೆಯದರಲ್ಲಿ ಮಸಿ ಹರಡಿದಂತೆ ಕಾಣುತ್ತದೆ.

ಹೊಸ ಕ್ಲಿಪ್ ಬಂದಾಗಲೆಲ್ಲ ಮೊದಲನೆಯ ವಿಧಾನವನ್ನು ತಾನಾಗಿಯೇ ಅನ್ವಯಿಸುವ ಅವಕಾಶವೂ ಪ್ರಿಫರೆನ್ಸಸ್‌ನಲ್ಲಿದೆ. ನಾಲ್ಕಾರು ಜನ ಸರದಿಯ ಮೇಲೆ ಕೂರುವ ಸ್ಟುಡಿಯೊ ಕಂಪ್ಯೂಟರಿನಲ್ಲಿ ಯಾರೋ ಒಬ್ಬರು ಯಾವುದೋ ಅವಸರಕ್ಕೆ ಅದನ್ನು ಆಯ್ದಿಟ್ಟರೆ, ಅವರ ನಂತರ ಬಂದವರ ಕೆಲಸಕ್ಕೆಲ್ಲ ಅದೇ ನಿಯಮ. ಫುಟೇಜ್ ಮಸುಕಾದದ್ದಕ್ಕೆ ಕ್ಯಾಮೆರಾದವರು ಬೈಸಿಕೊಳ್ಳುತ್ತಾರೆ.

ಚಿತ್ರದ ಗುಣಮಟ್ಟದ ಚರ್ಚೆ ಎಂದರೆ ಕ್ಯಾಮೆರಾ, ಲೆನ್ಸ್, ಬೆಳಕು, ಕಲರ್ ಗ್ರೇಡಿಂಗ್ ಎಂದು ತಿಳಿಯುವುದು ವಾಡಿಕೆ. ಸೆಟ್ಟಿಂಗ್‌ಗಳ ಪುಟ ಆ ಚರ್ಚೆಯೊಳಕ್ಕೆ ಬರುವುದೇ ಇಲ್ಲ. ಅದು ತಂತ್ರಾಂಶದ ಒಳಮನೆ, ಅಲ್ಲಿರುವುದೆಲ್ಲ ತಿಳಿದವರು ಯೋಚಿಸಿಯೇ ಇಟ್ಟದ್ದು ಎಂಬ ನಂಬಿಕೆ. ಈ ನಂಬಿಕೆಯನ್ನು ಪರೀಕ್ಷಿಸಬೇಕಾಗಿದೆ. ಡಿಫಾಲ್ಟ್‌ಗಳು, ಅಂದರೆ ತಂತ್ರಾಂಶದಲ್ಲಿ ಮೊದಲೇ ಆಯ್ದಿಟ್ಟ ಸೆಟ್ಟಿಂಗ್‌ಗಳು, ಯಾವುದೋ ಕಂಪ್ಯೂಟರನ್ನು, ಯಾವುದೋ ಮಾರುಕಟ್ಟೆಯನ್ನು, ಯಾವುದೋ ಭಾಷೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ತೀರ್ಮಾನಗಳು. ಅವುಗಳ ಫಲ ಮಾತ್ರ ಸಂಕಲನಕಾರನ ಹೆಸರಿನಲ್ಲಿ ಹೊರಬೀಳುತ್ತದೆ. ಆದ್ದರಿಂದ ಗುಣಮಟ್ಟವನ್ನು ಇಳಿಸುವ ಯಾವುದೇ ಡಿಫಾಲ್ಟ್ ಆ ಕೆಲಸ ಮಾಡುವ ಹೊತ್ತಿನಲ್ಲೇ ಬಾಯಿಬಿಟ್ಟು ಹೇಳಬೇಕು ಎಂದು ಕೇಳುವುದು ಬಳಕೆದಾರರ ನ್ಯಾಯವಾದ ಹಕ್ಕು.

ವೇಗಾಸ್ ಪ್ರೊ ಇದಕ್ಕೆ ಹಳೆಯ, ಚೆನ್ನಾಗಿ ದಾಖಲಾದ ಉದಾಹರಣೆ. ಸಾನಿಕ್ ಫೌಂಡ್ರಿ ಕಂಪನಿ 1999ರಲ್ಲಿ ಧ್ವನಿ ಸಂಕಲನಕ್ಕೆಂದು ಹೊರತಂದ ಈ ತಂತ್ರಾಂಶ ಮುಂದೆ ವಿಡಿಯೊಗೆ ಹೊರಳಿ, 2003ರಲ್ಲಿ ಸೋನಿಯ ಕೈಗೂ 2016ರಲ್ಲಿ ಮ್ಯಾಜಿಕ್ಸ್ ಕೈಗೂ ಹೋಯಿತು. ಅದರ ರೆಂಡರ್ ಗುಣಮಟ್ಟಕ್ಕೆ ಡ್ರಾಫ್ಟ್, ಪ್ರಿವ್ಯೂ, ಗುಡ್, ಬೆಸ್ಟ್ ಎಂದು ನಾಲ್ಕು ಮೆಟ್ಟಿಲು. ಪ್ರೊಜೆಕ್ಟ್ ತೆರೆದಾಗ ಬಹುಕಾಲ ಸಿಗುತ್ತಿದ್ದದ್ದು 'ಗುಡ್'. ಹೆಸರು ಕೇಳಿದರೆ ತಕರಾರು ಮಾಡಲು ಏನೂ ಇಲ್ಲ ಅನ್ನಿಸುತ್ತದೆ. ಆದರೆ ಚಿತ್ರವನ್ನು ಹಿಗ್ಗಿಸುವಾಗ, ಕುಗ್ಗಿಸುವಾಗ 'ಗುಡ್' ಬಳಸುವುದು ಬೈಲೀನಿಯರ್ ಲೆಕ್ಕವನ್ನು; ಹೊಸ ಪಿಕ್ಸೆಲ್ಲಿನ ಬಣ್ಣವನ್ನು ಸುತ್ತಲಿನ ನಾಲ್ಕು ಪಿಕ್ಸೆಲ್‌ಗಳಿಂದ ತೆಗೆಯುವ ವಿಧಾನ ಅದು. 'ಬೆಸ್ಟ್' ಬಳಸುವ ಬೈಕ್ಯೂಬಿಕ್ ಹದಿನಾರು ಪಿಕ್ಸೆಲ್‌ಗಳನ್ನು ನೋಡುತ್ತದೆ. ಚಲಿಸುವ ದೃಶ್ಯದಲ್ಲಿ ಈ ವ್ಯತ್ಯಾಸ ಕಣ್ತಪ್ಪಬಹುದು. ದೊಡ್ಡ ಫೋಟೊ ಒಂದರ ಮೇಲೆ ನಿಧಾನವಾಗಿ ಕ್ಯಾಮೆರಾ ಸರಿದಂತೆ ಮಾಡುವ ಸ್ಲೈಡ್‌ಶೋಗಳಲ್ಲಿ ಮಾತ್ರ ರೇಷ್ಮೆ ಸೀರೆಯ ಅಂಚು, ಕಿಟಕಿಯ ಸರಳು, ಲೋಗೋದ ಸಣ್ಣ ಅಕ್ಷರ ಮಿಣಮಿಣ ನಡುಗತೊಡಗುತ್ತವೆ.

ಇದಕ್ಕಿಂತ ಹೆಚ್ಚು ಜನರನ್ನು ಕಾಡಿದ್ದು ಅದೇ ತಂತ್ರಾಂಶದ 'ಸ್ಮಾರ್ಟ್ ರೀಸ್ಯಾಂಪಲ್'. ಕ್ಲಿಪ್ಪಿನ ಫ್ರೇಮ್ ರೇಟಿಗೂ ಪ್ರೊಜೆಕ್ಟಿನ ಫ್ರೇಮ್ ರೇಟಿಗೂ ಹೊಂದಾಣಿಕೆ ಇಲ್ಲದಿದ್ದಾಗ ಅದು ಅಕ್ಕಪಕ್ಕದ ಎರಡು ಫ್ರೇಮ್‌ಗಳನ್ನು ಕಲಸಿ ಒಂದು ಮಾಡುತ್ತದೆ. ಓಡುವ ಆಟಗಾರನ ಹಿಂದೆ ಅವನದೇ ಮಂಕು ನೆರಳೊಂದು ಅಂಟಿಕೊಳ್ಳುತ್ತದೆ. ಗೇಮ್ ವಿಡಿಯೊ ಮಾಡುವ ಯೂಟ್ಯೂಬರ್‌ಗಳು ಈ ನೆರಳಿಗೆ ತಮ್ಮ ಗ್ರಾಫಿಕ್ಸ್ ಕಾರ್ಡನ್ನು, ರೆಕಾರ್ಡಿಂಗ್ ತಂತ್ರಾಂಶವನ್ನು, ಬಿಟ್‌ರೇಟನ್ನು ಶಂಕಿಸಿದರು. ಪರಿಹಾರ ಇದ್ದದ್ದು ಕ್ಲಿಪ್ಪಿನ ಪ್ರಾಪರ್ಟೀಸ್ ಒಳಗೆ, 'ಡಿಸೇಬಲ್ ರೀಸ್ಯಾಂಪಲ್' ಎಂಬ ಒಂದು ಸಣ್ಣ ಗುಂಡಿಯಲ್ಲಿ.

ಅಡೋಬಿಯ ಇನ್ನೊಂದು ತಂತ್ರಾಂಶ ಆಫ್ಟರ್ ಎಫೆಕ್ಟ್ಸ್‌ನಲ್ಲಿ ಹೊಸ ಪ್ರೊಜೆಕ್ಟ್ 8 ಬಿಟ್ ಬಣ್ಣದೊಂದಿಗೆ ತೆರೆದುಕೊಳ್ಳುತ್ತದೆ: ಕೆಂಪು, ಹಸಿರು, ನೀಲಿ ಒಂದೊಂದಕ್ಕೂ 256 ಹಂತ. ಸಾಮಾನ್ಯ ದೃಶ್ಯಕ್ಕೆ ಇದು ಸಾಕು. ಸಂಜೆಯ ಆಕಾಶ, ಮಂಜು, ಶೀರ್ಷಿಕೆಯ ಹಿಂದಿನ ಮೆಲ್ಲನೆ ಕಪ್ಪಾಗುವ ಹಿನ್ನೆಲೆ ಬಂದಾಗ ಸಾಲದು. ಮೂರು ನಾಲ್ಕು ಎಫೆಕ್ಟ್‌ಗಳನ್ನು ಒಂದರ ಮೇಲೊಂದು ಹಾಕಿದರೆ ಪ್ರತಿ ಹಂತದಲ್ಲೂ ಲೆಕ್ಕ ದುಂಡಾಗುತ್ತಾ ಹೋಗಿ, ನುಣುಪಾಗಿರಬೇಕಾದ ಬಣ್ಣ ಪಟ್ಟೆಪಟ್ಟೆಯಾಗಿ ಒಡೆಯುತ್ತದೆ. ಪ್ರೊಜೆಕ್ಟ್ ಪ್ಯಾನೆಲಿನ ಕೆಳತುದಿಯಲ್ಲಿ ಬಿಟ್ ಸಂಖ್ಯೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ, ಒತ್ತಿದರೆ 16 ಅಥವಾ 32ಕ್ಕೆ ಬದಲಿಸಬಹುದು. ಅಲ್ಲಿ ಒತ್ತಬಹುದೆಂದು ಹೊಸಬರಿಗೆ ಹೊಳೆಯುವುದಿಲ್ಲ. ಇಲಸ್ಟ್ರೇಟರ್‌ನಲ್ಲಿ ಬರೆದ ವೆಕ್ಟರ್ ಲೋಗೋ ಎಷ್ಟು ಹಿಗ್ಗಿಸಿದರೂ ಹರಿತವಾಗಿರಬೇಕು ಎಂಬ ನಿರೀಕ್ಷೆಯ ಗತಿಯೂ ಹೀಗೇ. ತಂದು ಹಾಕಿದ ಲೇಯರಿನಲ್ಲಿ 'ಕಂಟಿನ್ಯೂವಸ್ಲಿ ರಾಸ್ಟರೈಜ್' ಎಂಬ ಪುಟ್ಟ ಸೂರ್ಯನಾಕಾರದ ಗುರುತು ಆರಂಭದಲ್ಲಿ ಖಾಲಿ ಇರುತ್ತದೆ, ಅದು ಖಾಲಿ ಇರುವತನಕ ವೆಕ್ಟರ್ ಲೋಗೋವೂ ಮಾಮೂಲಿ ಫೋಟೊದಂತೆ ಒಡೆಯುತ್ತದೆ.

ಡಾವಿಂಚಿ ರಿಸಾಲ್ವ್ ಈ ಚರ್ಚೆಯಲ್ಲಿ ವಿಶೇಷವಾಗಿ ಗಮನಿಸಬೇಕಾದ ತಂತ್ರಾಂಶ. ಒಳ್ಳೆಯ ನಡತೆ, ಕೆಟ್ಟ ನಡತೆ ಎರಡೂ ಅದರಲ್ಲಿ ಅಕ್ಕಪಕ್ಕದಲ್ಲಿವೆ. ಹೊಸ ಪ್ರೊಜೆಕ್ಟಿನ ಡಿಫಾಲ್ಟ್ ಸೆಕೆಂಡಿಗೆ 24 ಫ್ರೇಮ್. ಭಾರತದ ಟೆಲಿವಿಷನ್ ನಡೆಯುವುದು 25ರಲ್ಲಿ, ಫೋನುಗಳು ಸಾಮಾನ್ಯವಾಗಿ ಚಿತ್ರಿಸುವುದು 30ರಲ್ಲಿ. ಬೇರೆ ಫ್ರೇಮ್ ರೇಟಿನ ಮೊದಲ ಕ್ಲಿಪ್ ತಂದೊಡನೆ ರಿಸಾಲ್ವ್ ತಡೆದು ಕೇಳುತ್ತದೆ: ಪ್ರೊಜೆಕ್ಟನ್ನು ಕ್ಲಿಪ್ಪಿಗೆ ಹೊಂದಿಸಲೇ, ಹಾಗೇ ಬಿಡಲೇ? ಕೇಳಬೇಕಾದ ಹೊತ್ತು ಅದೇ, ಏಕೆಂದರೆ ಟೈಮ್‌ಲೈನ್ ಕಟ್ಟಿದ ಮೇಲೆ ಅದರ ಫ್ರೇಮ್ ರೇಟನ್ನು ಬದಲಿಸಲು ಬಿಡುವುದಿಲ್ಲ. ಆದರೆ ಟೈಮ್‌ಲೈನಿನ ರೆಸಲ್ಯೂಶನ್ ಆರಂಭದಲ್ಲಿ 1920×1080 ಇರುತ್ತದೆ, 4ಕೆ ಕ್ಲಿಪ್ ತಂದರೂ ಆ ಬಗ್ಗೆ ಪ್ರಶ್ನೆ ಬರುವುದಿಲ್ಲ. ಇಡೀ ಮದುವೆಯನ್ನು 4ಕೆಯಲ್ಲಿ ಚಿತ್ರಿಸಿ, 4ಕೆ ಎಂದೇ ದರ ಹೇಳಿ, ಎಚ್‌ಡಿ ಟೈಮ್‌ಲೈನಿನಿಂದ ಎಕ್ಸ್‌ಪೋರ್ಟ್ ಮಾಡಿ ಕೊಡುವುದಕ್ಕೆ ಅಲ್ಲಿ ಯಾವ ಅಡ್ಡಿಯೂ ಇಲ್ಲ. ಒಂದು ವಿಷಯದಲ್ಲಿ ಕೇಳಲು ಬರುವವರಿಗೆ ಇನ್ನೊಂದು ವಿಷಯದಲ್ಲಿ ಕೇಳಲು ತಾಂತ್ರಿಕ ತೊಡಕೇನೂ ಇರಲಾರದು.

ಇವನ್ನೆಲ್ಲ ಹೀಗೆ ಇಟ್ಟವರು ಯಾರು, ಏಕೆ? ಬಳಕೆದಾರರ ವರ್ತನೆಯನ್ನು ಅಧ್ಯಯನ ಮಾಡುವ ಅಮೆರಿಕದ ಜೇರೆಡ್ ಸ್ಪೂಲ್ 2011ರಲ್ಲಿ ಬರೆದ ಪ್ರಸಂಗವೊಂದು ಇಲ್ಲಿ ನೆನಪಿಡತಕ್ಕದ್ದು. ಅವರ ತಂಡ ಮೈಕ್ರೊಸಾಫ್ಟ್ ವರ್ಡ್ ಬಳಸುವವರಿಂದ ಸೆಟ್ಟಿಂಗ್‌ಗಳ ಕಡತವನ್ನು ತರಿಸಿಕೊಂಡು ನೋಡಿದಾಗ, ಯಾವುದಾದರೂ ಒಂದು ಸೆಟ್ಟಿಂಗನ್ನಾದರೂ ಬದಲಿಸಿದವರು ಶೇ. 5ಕ್ಕಿಂತ ಕಡಿಮೆ. ಆಗಿನ ವರ್ಡ್‌ನಲ್ಲಿ ಆಟೊಸೇವ್ ಕೂಡ ಆಫ್ ಆಗಿಯೇ ಬರುತ್ತಿತ್ತು. ಹಾಗಿಡಲು ಏನೋ ಬಲವಾದ ಕಾರಣ ಇರಬೇಕೆಂದು ಜನ ಭಾವಿಸಿ ಅದನ್ನು ಮುಟ್ಟದೆ ಬಿಟ್ಟಿದ್ದರು. ವಿಚಾರಿಸಿದಾಗ ತಿಳಿದದ್ದು ಇಷ್ಟೆ: ಬೇರೆ ಸೂಚನೆ ಇಲ್ಲದ್ದರಿಂದ ಪ್ರೋಗ್ರಾಮರ್ ಎಲ್ಲ ಅಂಕಿಗಳನ್ನೂ ಸೊನ್ನೆಗೆ ಇಟ್ಟಿದ್ದರು.

ಎಲ್ಲ ಡಿಫಾಲ್ಟ್‌ಗಳೂ ಹೀಗೆ ಅಲಕ್ಷ್ಯದಿಂದ ಹುಟ್ಟಿದವಲ್ಲ. ಸಂಕಲನ ತಂತ್ರಾಂಶಗಳಲ್ಲಿ ಹೆಚ್ಚಿನವು ವೇಗದ ಕಡೆಗೆ ವಾಲಿರುವುದಕ್ಕೆ ಕಾರಣ ಸ್ಪಷ್ಟವಿದೆ. ಹೊಸ ತಂತ್ರಾಂಶವನ್ನು ಪರೀಕ್ಷಿಸುವವರು ಮೊದಲ ಒಂದು ಗಂಟೆಯಲ್ಲಿ ತೀರ್ಮಾನಿಸುತ್ತಾರೆ. ಆ ಗಂಟೆಯಲ್ಲಿ ಪ್ಲೇಬ್ಯಾಕ್ ಮುಗ್ಗರಿಸಿದರೆ ಕಣ್ಣಿಗೆ ಬೀಳುತ್ತದೆ, ರೆಂಡರ್ ನಿಧಾನವಾದರೆ ಗಡಿಯಾರಕ್ಕೆ ಸಿಗುತ್ತದೆ. ಬೈಲೀನಿಯರ್ ಲೆಕ್ಕದಿಂದ ಅಂಚು ಮಸುಕಾದದ್ದು ಯಾರಿಗೂ ಕಾಣದು. ಟಿವಿ ಮಾರುಕಟ್ಟೆಯಲ್ಲೂ ನಡೆದದ್ದು ಇದೇ. ಅಂಗಡಿಯ ಬೆಳಕಿನಲ್ಲಿ ಗಿರಾಕಿಯನ್ನು ಸೆಳೆಯಲು ಮೋಷನ್ ಸ್ಮೂದಿಂಗ್ (ಚಲನೆಯನ್ನು ನುಣುಪಾಗಿಸುವ ಸೌಲಭ್ಯ) ಆನ್ ಆಗಿರುವ ಸೆಟ್‌ಗಳು ಮನೆಗೆ ಬಂದವು, ಸಿನಿಮಾ ನೋಡಿದರೆ ಧಾರಾವಾಹಿಯಂತೆ ಕಾಣತೊಡಗಿತು. 2018ರ ಡಿಸೆಂಬರಿನಲ್ಲಿ ನಟ ಟಾಮ್ ಕ್ರೂಸ್ ಮತ್ತು ನಿರ್ದೇಶಕ ಕ್ರಿಸ್ಟೊಫರ್ ಮೆಕ್ವಾರಿ ಅದನ್ನು ಆಫ್ ಮಾಡಿ ಎಂದು ಪ್ರೇಕ್ಷಕರನ್ನು ವಿಡಿಯೊ ಮೂಲಕ ಬೇಡಿಕೊಳ್ಳಬೇಕಾಯಿತು. ಮರುವರ್ಷ ಟಿವಿ ಉದ್ಯಮದ ಒಕ್ಕೂಟವಾದ ಯುಎಚ್‌ಡಿ ಅಲಯನ್ಸ್, ಅದನ್ನು ಆಫ್ ಮಾಡುವ 'ಫಿಲ್ಮ್‌ಮೇಕರ್ ಮೋಡ್' ಪ್ರಕಟಿಸಿತು. ಮಾರ್ಟಿನ್ ಸ್ಕಾರ್ಸೇಸಿ, ಕ್ರಿಸ್ಟೊಫರ್ ನೋಲನ್ ಅದರ ಬೆನ್ನಿಗೆ ನಿಂತರು. ತಮ್ಮ ಚಿತ್ರ ಹೇಗೆ ಕಾಣಬೇಕೆಂಬ ತೀರ್ಮಾನವನ್ನು ಕಾರ್ಖಾನೆಯ ಸೆಟ್ಟಿಂಗಿಗೆ ಬಿಡಬಾರದೆಂದು ದೊಡ್ಡ ನಿರ್ದೇಶಕರು ಒಟ್ಟಾಗಿ ಹೇಳಿದ್ದಕ್ಕೆ ಫಲ ಸಿಕ್ಕಿತು. ಸಂಕಲನಕಾರರು ಹಾಗೆ ಒಟ್ಟಾಗಿ ಹೇಳಿದ ಉದಾಹರಣೆ ಸಿಗುವುದು ಕಷ್ಟ.

ಹಾಗಾದರೆ ಗುಣಮಟ್ಟ ಎಂದು ಬರೆದಿರುವ ಎಲ್ಲ ಪೆಟ್ಟಿಗೆಗೂ ಟಿಕ್ ಹಾಕಿಬಿಟ್ಟರಾಯಿತೇ? ಅನೇಕ ಟ್ಯುಟೋರಿಯಲ್‌ಗಳು ಕೊಡುವುದು ಇದೇ ಸಲಹೆ, ಮತ್ತು ಅದು ತಪ್ಪು. ಪ್ರೀಮಿಯರ್‌ನ 'ಮ್ಯಾಕ್ಸಿಮಮ್ ರೆಂಡರ್ ಕ್ವಾಲಿಟಿ' ಎಂಬ ಹೆಸರನ್ನೇ ನೋಡಬಹುದು. ಅದು ಡಿಫಾಲ್ಟ್ ಆಗಿ ಆಫ್ ಇರುತ್ತದೆ. ಕೇಳಿದರೆ ಯಾರಿಗಾದರೂ ಅದಿಲ್ಲದೆ ನಷ್ಟವೆಂದೇ ಅನ್ನಿಸಬೇಕು. ಆದರೆ 2010ರ ಸಿಎಸ್5 ಆವೃತ್ತಿಯಿಂದ ಗ್ರಾಫಿಕ್ಸ್ ಕಾರ್ಡಿನ ನೆರವು ಬಳಸಿ ರೆಂಡರ್ ಮಾಡುವಾಗ ಸ್ಕೇಲಿಂಗ್ ತಾನಾಗಿಯೇ ಉತ್ತಮ ವಿಧಾನದಲ್ಲಿ ನಡೆಯುತ್ತದೆ. ಪ್ರೊಸೆಸರ್ ಒಂದನ್ನೇ ನೆಚ್ಚಿಕೊಂಡಿರುವ ಕಂಪ್ಯೂಟರಿನಲ್ಲಿ ಮಾತ್ರ ಆ ಟಿಕ್ ಬೈಲೀನಿಯರ್‌ನಿಂದ ಬೈಕ್ಯೂಬಿಕ್‌ಗೆ ದಾರಿ ತೋರಿಸುತ್ತದೆ. ಅಂದರೆ ಒಂದೇ ಪ್ರೊಜೆಕ್ಟ್, ಒಂದೇ ಸೆಟ್ಟಿಂಗ್. ಒಳ್ಳೆಯ ಕಾರ್ಡಿನ ಸ್ಟುಡಿಯೊದಲ್ಲಿ ಹರಿತವಾಗಿ, ಕಾರ್ಡಿಲ್ಲದ ಹಳೆಯ ಕಂಪ್ಯೂಟರಿನಲ್ಲಿ ಮಸುಕಾಗಿ ಹೊರಬರಬಹುದು. ಅಡೋಬಿಯದೇ ಕೈಪಿಡಿ ಇನ್ನೊಂದು ಎಚ್ಚರಿಕೆಯನ್ನೂ ಕೊಡುತ್ತದೆ: ಮೊದಲೇ ವಿಪರೀತ ಅಡಕಗೊಂಡ ಫುಟೇಜಿಗೆ ಇದನ್ನು ಹಾಕಿದರೆ ಹರಿತಗೊಳಿಸುವ ಭರದಲ್ಲಿ ಅಡಕದ ಕಲೆಗಳೇ ಎದ್ದು ಕಾಣುತ್ತವೆ. ಹೀಗಿರುವಾಗ 'ಗರಿಷ್ಠ ಗುಣಮಟ್ಟ' ಎಂಬ ಹೆಸರೇ ದಾರಿ ತಪ್ಪಿಸುತ್ತದೆ. ಯಾವ ಸ್ಥಿತಿಯಲ್ಲಿ ಏನಾಗುತ್ತದೆಂದು ತಿಳಿಯದೆ ಹಾಕಿದ ಟಿಕ್ ಕೂಡ ತಿಳಿಯದೆ ಬಿಟ್ಟ ಡಿಫಾಲ್ಟಿನಷ್ಟೇ ಕುರುಡು.

ಇಷ್ಟರವರೆಗಿನದು ಜಗತ್ತಿನ ಎಲ್ಲ ಸಂಕಲನಕಾರರಿಗೂ ಸಮಾನವಾದ ಕಷ್ಟ. ಕನ್ನಡದಲ್ಲಿ ಕೆಲಸ ಮಾಡುವವರಿಗೆ ಇದರ ಮೇಲೆ ಇನ್ನೊಂದಿದೆ, ಅದು ಎಲ್ಲಕ್ಕಿಂತ ದುಬಾರಿ.

ಪ್ರೀಮಿಯರ್‌ನಲ್ಲಿ 'ಚಿಕ್ಕಮಗಳೂರು' ಎಂದು ಯೂನಿಕೋಡಿನಲ್ಲಿ ಟೈಪಿಸಿದರೆ, ಡಿಫಾಲ್ಟ್ ಸ್ಥಿತಿಯ ಅನೇಕ ಆವೃತ್ತಿಗಳಲ್ಲಿ ಒತ್ತಕ್ಷರ ಕಳಚಿ 'ಚಿಕ್‌ಕಮಗಳೂರು' ಎಂಬಂತೆ ಬಿದ್ದುಕೊಳ್ಳುತ್ತಿತ್ತು. 'ತೀರ್ಥಹಳ್ಳಿ'ಯ ಅರ್ಕಾವತ್ತು ತನ್ನ ಜಾಗ ಬಿಡುತ್ತಿತ್ತು, 'ಸ್ತ್ರೀ' ಮೂರು ತುಂಡಾಗುತ್ತಿತ್ತು. ದೋಷ ಫಾಂಟಿನದಲ್ಲ, ಕೀಲಿಮಣೆಯದಲ್ಲ. ಒತ್ತಕ್ಷರಗಳನ್ನು ಸರಿಯಾಗಿ ಜೋಡಿಸುವ ಎಂಜಿನ್ ತಂತ್ರಾಂಶದ ಒಳಗೇ ಇರುತ್ತಿತ್ತು: ಗ್ರಾಫಿಕ್ಸ್ ಪ್ರಿಫರೆನ್ಸಸ್‌ನಲ್ಲಿ ಟೆಕ್ಸ್ಟ್ ಎಂಜಿನ್ ಎಂಬ ಜಾಗದಲ್ಲಿ 'ಸೌತ್ ಏಷ್ಯನ್ ಅಂಡ್ ಮಿಡಲ್ ಈಸ್ಟರ್ನ್' ಎಂದು ಆಯ್ದರೆ ಅಕ್ಷರಗಳು ಕೂಡಿಕೊಳ್ಳುತ್ತವೆ. ಆಫ್ಟರ್ ಎಫೆಕ್ಟ್ಸ್‌ನಲ್ಲಿ ಇದೇ ಆಯ್ಕೆ ಟೈಪ್ ಪ್ರಿಫರೆನ್ಸಸ್‌ನಲ್ಲಿದೆ. ಫೋಟೊಶಾಪ್‌ನ ಹಲವು ಆವೃತ್ತಿಗಳಲ್ಲಿ ಆಯ್ಕೆ ಬದಲಿಸಿದ ಮೇಲೆ ತಂತ್ರಾಂಶವನ್ನು ಮುಚ್ಚಿ ತೆರೆಯಬೇಕಾಗಿತ್ತು.

ಕನ್ನಡಕ್ಕೆ ಯೂನಿಕೋಡ್‌ನಲ್ಲಿ ಸ್ಥಾನ ಸಿಕ್ಕಿದ್ದು 1991ರ ಮೊದಲ ಆವೃತ್ತಿಯಲ್ಲೇ. 2001ರ ವಿಂಡೋಸ್ ಎಕ್ಸ್‌ಪಿ ತುಂಗಾ ಫಾಂಟಿನೊಡನೆ ಒತ್ತಕ್ಷರಗಳನ್ನು ಸರಿಯಾಗಿ ಜೋಡಿಸಿ ತೋರಿಸಿತು. ಆದರೆ ಗ್ರಾಫಿಕ್ಸ್ ತಂತ್ರಾಂಶಗಳು ಆಪರೇಟಿಂಗ್ ಸಿಸ್ಟಮ್ಮಿನ ನೆರವು ಪಡೆಯದೆ ತಮ್ಮದೇ ಎಂಜಿನ್ ಇಟ್ಟುಕೊಂಡವು, ಆ ಎಂಜಿನ್‌ಗಳ ಡಿಫಾಲ್ಟ್ ಯೂರೋಪಿನ ಮತ್ತು ಪೂರ್ವ ಏಷ್ಯಾದ ಲಿಪಿಗಳನ್ನು ಎದುರಿಗಿಟ್ಟುಕೊಂಡಿತ್ತು. ಒಂದರ ಪಕ್ಕ ಒಂದು ಅಕ್ಷರ ಇಟ್ಟರೆ ಸಾಲು ಮುಗಿಯುವ ಲಿಪಿಗಳವು. ಒಂದರ ಕೆಳಗೊಂದು ಕೂರುವ, ಬರೆದ ಕ್ರಮಕ್ಕೂ ಕಾಣುವ ಕ್ರಮಕ್ಕೂ ವ್ಯತ್ಯಾಸವಿರುವ ಕನ್ನಡದಂಥ ಲಿಪಿ ಹೆಚ್ಚುವರಿ ಆಯ್ಕೆಯ ಪಟ್ಟಿಗೆ ಹೋಯಿತು.

ಇದರ ಪರಿಣಾಮ ಒಂದು ಮುರಿದ ಶೀರ್ಷಿಕೆಗೆ ನಿಲ್ಲಲಿಲ್ಲ. ಸೆಟ್ಟಿಂಗ್ ಗೊತ್ತಿಲ್ಲದ ಸಂಕಲನಕಾರರು ನುಡಿಯಂಥ ತಂತ್ರಾಂಶಗಳ ಹಳೆಯ ಆಸ್ಕಿ ಫಾಂಟ್‌ಗಳಿಗೆ ಮರಳಿದರು. ಆ ಫಾಂಟ್‌ಗಳಲ್ಲಿ ಪ್ರತಿ ಒತ್ತಕ್ಷರವೂ ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕೂತ ಬಿಡಿ ಚಿತ್ರ. ಯಾವ ಎಂಜಿನ್ನಿನ ಹಂಗೂ ಇಲ್ಲದೆ ಪರದೆಯ ಮೇಲೆ ಸರಿಯಾಗಿ ಕಾಣುತ್ತವೆ. ಕಾಣುತ್ತವೆ, ಅಷ್ಟೇ. ಆ ಪಠ್ಯವನ್ನು ಸಬ್‌ಟೈಟಲ್ ಕಡತಕ್ಕೆ ನಕಲು ಮಾಡಿದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು ಬರುತ್ತದೆ. ಹುಡುಕಿದರೆ ಸಿಗುವುದಿಲ್ಲ, ತಿದ್ದಬೇಕಾದರೆ ಅದೇ ಫಾಂಟ್ ಇರುವ ಕಂಪ್ಯೂಟರೇ ಬೇಕು. ಕನ್ನಡ ಸಾಕ್ಷ್ಯಚಿತ್ರವೊಂದರ ಶೀರ್ಷಿಕೆಗಳೂ ಹೆಸರುಪಟ್ಟಿಯೂ ಪಠ್ಯವಾಗಿ ಉಳಿಯದೆ ಬರೀ ಚಿತ್ರವಾಗಿ ಉಳಿಯುವುದರ ಹಿಂದೆ ಪ್ರಿಫರೆನ್ಸಸ್ ಪುಟದ ಒಂದು ಗುಂಡಿ ಇರುವುದು ಸಣ್ಣ ಸಂಗತಿಯಲ್ಲ. ಕನ್ನಡದ ಡಿಜಿಟಲ್ ಬದುಕಿನ ಬಗ್ಗೆ ಭಾಷಣ ಮಾಡುವ ವೇದಿಕೆಗಳಲ್ಲಿ ಇಂಥ ಗುಂಡಿಗಳ ಮಾತು ಬರುವುದು ತೀರಾ ಅಪರೂಪ.

ಎಂಜಿನ್ ಸರಿಪಡಿಸಿದ ಮೇಲೂ ಕೆಲವು ಡಿಫಾಲ್ಟ್‌ಗಳು ಕನ್ನಡಕ್ಕೆ ಹೊಂದುವುದಿಲ್ಲ. ಅಡೋಬಿಯ ಹಲವು ತಂತ್ರಾಂಶಗಳಲ್ಲಿ ಎರಡು ಸಾಲುಗಳ ನಡುವಿನ ಅಂತರ ತಾನಾಗಿ ಅಕ್ಷರದ ಗಾತ್ರದ ಶೇ. 120 ಆಗಿರುತ್ತದೆ. ಇಂಗ್ಲಿಷಿಗೆ ಇದು ಹಿತವಾದ ಅಂತರ. ಕನ್ನಡದಲ್ಲಿ ಮೇಲಿನ ಸಾಲಿನ ಒತ್ತಕ್ಷರ ಕೆಳಗೆ ಇಳಿಯುತ್ತದೆ, ಕೆಳಗಿನ ಸಾಲಿನ ಗುಣಿಸು ಮೇಲೆ ಏಳುತ್ತದೆ. ಕೆಲವು ಫಾಂಟ್‌ಗಳಲ್ಲಿ ಎರಡೂ ತಾಗಿಕೊಳ್ಳುತ್ತವೆ. ಬಣ್ಣದ ವಿಷಯವೂ ಹೀಗೇ ಇದೆ. ಎಕ್ಸ್‌ಪೋರ್ಟ್ ಮಾಡುವಾಗ ಸಾಮಾನ್ಯವಾಗಿ ಬಳಕೆಯಾಗುವ 4:2:0 ವಿಧಾನದಲ್ಲಿ ಹೊಳಪಿನ ವಿವರ 1920×1080 ಇದ್ದರೆ ಬಣ್ಣದ ವಿವರ 960×540 ಮಾತ್ರ. ಕಪ್ಪು ಹಿನ್ನೆಲೆಯ ಮೇಲೆ ಕಡುಗೆಂಪು ಅಕ್ಷರ ಇಟ್ಟಾಗ ಹೊಳಪಿನ ವ್ಯತ್ಯಾಸ ಕಡಿಮೆ ಇರುವುದರಿಂದ ಅಂಚಿನ ಭಾರವೆಲ್ಲ ಈ ಅರ್ಧ ಅಳತೆಯ ಬಣ್ಣದ ಮೇಲೆ ಬೀಳುತ್ತದೆ. ದಪ್ಪ ಗೆರೆಯ ರೋಮನ್ ದೊಡ್ಡಕ್ಷರ ತಡೆದುಕೊಳ್ಳುತ್ತದೆ. ಅಕ್ಷರದ ಅರ್ಧ ಗಾತ್ರದಲ್ಲಿ ಕೆಳಗೆ ಕೂತ ಒತ್ತಕ್ಷರದ ಸುರುಳಿ ಕೆಂಪು ಮುದ್ದೆಯಾಗುತ್ತದೆ. ಅಪರಾಧ ಕಾರ್ಯಕ್ರಮಗಳ ಶೀರ್ಷಿಕೆಗೆ ಈ ಬಣ್ಣಜೋಡಿ ಎಷ್ಟು ಪ್ರಿಯವೆಂಬುದನ್ನು ಟಿವಿ ನೋಡುವವರಿಗೆ ಹೇಳಬೇಕಾಗಿಲ್ಲ.

ಸಂಕಲನದ ಮೇಜಿನ ಆಚೀಚೆಯೂ ಡಿಫಾಲ್ಟ್‌ಗಳಿವೆ. 2020ರ ಐಫೋನ್ 12ರಿಂದ ಎಚ್‌ಡಿಆರ್ ವಿಡಿಯೊ ಆನ್ ಆಗಿಯೇ ಬರುತ್ತದೆ. ಅದನ್ನು ಮಾಮೂಲಿ ಬಣ್ಣದ ಟೈಮ್‌ಲೈನಿಗೆ ಹಾಗೇ ತಂದರೆ ಬಿಳಿ ಪಂಚೆ, ಜರಿಯಂಚು, ದೀಪದ ಸುತ್ತ ವಿವರವೆಲ್ಲ ಸುಟ್ಟುಹೋಗುತ್ತದೆ. ಕೊನೆಗೆ ಗಿರಾಕಿಗೆ ನಮೂನೆ ಹೋಗುವುದು ವಾಟ್ಸ್ಆ್ಯಪ್‌ನಲ್ಲಿ. 2023ರಲ್ಲಿ ಅದಕ್ಕೆ ಎಚ್‌ಡಿ ಆಯ್ಕೆ ಬಂದಾಗಲೂ ಡಿಫಾಲ್ಟ್ ಆಗಿ ಉಳಿದದ್ದು ಸಾಮಾನ್ಯ ಗುಣಮಟ್ಟವೇ.

ತಂತ್ರಾಂಶ ಕಟ್ಟುವವರ ಪಕ್ಷದಲ್ಲೂ ಹೇಳುವುದಿದೆ. ನೂರಾರು ಸೆಟ್ಟಿಂಗ್‌ಗಳನ್ನು ಮೊದಲ ದಿನವೇ ಎದುರಿಗಿಟ್ಟು ಆರಿಸು ಎಂದರೆ ಯಾರೂ ಕೆಲಸ ಶುರುಮಾಡಲಾರರು. ಹಳೆಯ ಲ್ಯಾಪ್‌ಟಾಪಿನಲ್ಲಿ ಕಲಿಯುವ ವಿದ್ಯಾರ್ಥಿಗೆ ವೇಗದ ಡಿಫಾಲ್ಟೇ ಬಾಗಿಲು. ನಿಧಾನವಾದ ನೆಟ್‌ವರ್ಕಿನಲ್ಲಿ ವಾಟ್ಸ್ಆ್ಯಪ್ ಎಲ್ಲವನ್ನೂ ಎಚ್‌ಡಿಯಲ್ಲಿ ಕಳಿಸಿದರೆ ಹಳ್ಳಿಯ ಅಜ್ಜಿಗೆ ಮೊಮ್ಮಗನ ವಿಡಿಯೊ ತಲುಪುವುದೇ ಇಲ್ಲ. ಆದ್ದರಿಂದ ಕೇಳಬೇಕಾದದ್ದು ಡಿಫಾಲ್ಟ್ ಇರಬಾರದೆಂದಲ್ಲ, ಎಲ್ಲವೂ ಗರಿಷ್ಠಕ್ಕೆ ಇರಲಿ ಎಂದೂ ಅಲ್ಲ. ಸಂಕಲನದ ಹೊತ್ತಿನ ವೇಗಕ್ಕೂ ಎಕ್ಸ್‌ಪೋರ್ಟಿನ ಹೊತ್ತಿನ ಗುಣಮಟ್ಟಕ್ಕೂ ಒಂದೇ ಡಿಫಾಲ್ಟ್ ಏಕಿರಬೇಕು ಎಂಬುದು ಪ್ರಶ್ನೆ. ಪ್ರಾಕ್ಸಿ (ಸಂಕಲನದ ಹೊತ್ತಿಗೆಂದು ಮಾಡಿಕೊಳ್ಳುವ ಹಗುರ ನಕಲು), ಅರ್ಧ ರೆಸಲ್ಯೂಶನ್ನಿನ ಪ್ಲೇಬ್ಯಾಕ್ ಮೊದಲಾದವು ಮೊದಲನೆಯದನ್ನು ಆಗಲೇ ನೋಡಿಕೊಳ್ಳುತ್ತಿವೆ. ಕಡೆಯ ಎಕ್ಸ್‌ಪೋರ್ಟಿನಲ್ಲಿ ಸಮಯ ಉಳಿಸಲು ಗುಣಮಟ್ಟ ಬಿಡಬೇಕೇ ಎಂಬ ತೀರ್ಮಾನ ಆ ಚಿತ್ರಕ್ಕೆ ಉತ್ತರ ಹೇಳಬೇಕಾದವರದು.

ಹೇಗೆ ತಿಳಿಸಬಹುದು ಎಂಬುದಕ್ಕೆ ಮಾದರಿಗಳು ಈಗಾಗಲೇ ಇವೆ. ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದ ಡಿಫಾಲ್ಟ್ ಪ್ರಿಸೆಟ್ 4ಕೆ ಚಿತ್ರವನ್ನು ಎಚ್‌ಡಿಗೂ 60 ಫ್ರೇಮನ್ನು 30ಕ್ಕೂ ಇಳಿಸುತ್ತದೆ. ಆದರೆ ಅದರ ಹೆಸರೇ 'ಫಾಸ್ಟ್ 1080ಪಿ30'. ಓದಿದವರಿಗೆ ವೇಗ, ಅಳತೆ, ಫ್ರೇಮ್ ಮೂರೂ ತಿಳಿದುಹೋಗುತ್ತವೆ. ಪ್ರೀಮಿಯರ್ ಕೂಡ ಹೊಂದದ ಕ್ಲಿಪ್ಪನ್ನು ಖಾಲಿ ಸೀಕ್ವೆನ್ಸಿಗೆ ಎಳೆದಾಗ ಸೀಕ್ವೆನ್ಸ್ ಬದಲಿಸಲೇ ಎಂದು ಕೇಳುತ್ತದೆ. ಇದೇ ಪದ್ಧತಿಯಲ್ಲಿ ಎಕ್ಸ್‌ಪೋರ್ಟ್ ಕಿಟಕಿ, ಮೂಲ ಫುಟೇಜ್ 4ಕೆ ಇದೆ ಟೈಮ್‌ಲೈನ್ ಎಚ್‌ಡಿ ಇದೆ ಎಂದು, ಈ ಕಂಪ್ಯೂಟರಿನಲ್ಲಿ ಸ್ಕೇಲಿಂಗ್ ಬೈಲೀನಿಯರ್‌ನಲ್ಲಿ ನಡೆಯಲಿದೆ ಎಂದು, ಇಷ್ಟು ಕ್ಲಿಪ್‌ಗಳಲ್ಲಿ ಫ್ರೇಮ್‌ಗಳು ಕಲಸಿಹೋಗಲಿವೆ ಎಂದು ಮೂರು ಸಾಲು ತೋರಿಸಬಹುದು. ಈ ಮಾಹಿತಿ ತಂತ್ರಾಂಶದ ಬಳಿ ಇದ್ದೇ ಇದೆ. ಇಲ್ಲದಿದ್ದರೆ ಅದು ರೆಂಡರ್ ಮಾಡಲಾರದು. ಇನ್ನು ಟೈಪಿಸಿದ ಮೊದಲ ಅಕ್ಷರ ಯೂನಿಕೋಡಿನ ಕನ್ನಡ ವಿಭಾಗದ್ದೆಂದು ಗುರುತಿಸಿ ತಕ್ಕ ಎಂಜಿನ್ನಿಗೆ ತಾನಾಗಿ ಹೊರಳುವುದು ಅದಕ್ಕಿಂತ ಸುಲಭ. ವೆಬ್ ಬ್ರೌಸರುಗಳು, ಫೋನುಗಳು ಯಾರನ್ನೂ ಕೇಳದೆ ವರ್ಷಗಳಿಂದ ಅದನ್ನು ಮಾಡುತ್ತಿವೆ. ಅಲ್ಲಿಯವರೆಗೆ ಕರ್ನಾಟಕದ ಪತ್ರಿಕೋದ್ಯಮ ವಿಭಾಗಗಳೂ ಸಂಕಲನ ಕಲಿಸುವ ಸಂಸ್ಥೆಗಳೂ ಕಟ್, ಡಿಸಾಲ್ವ್ ಕಲಿಸುವ ಮೊದಲ ವಾರದಲ್ಲೇ ವಿದ್ಯಾರ್ಥಿಗಳಿಂದ ಪ್ರಿಫರೆನ್ಸಸ್ ಪುಟ ತೆರೆಸಿ, ಟೆಕ್ಸ್ಟ್ ಎಂಜಿನ್ ಬದಲಿಸಿ, 'ಸ್ವಾತಂತ್ರ್ಯ', 'ರಾಷ್ಟ್ರ', 'ತೀರ್ಥಹಳ್ಳಿ' ಎಂಬ ಮೂರು ಪದಗಳನ್ನು ಎರಡು ಸಾಲಿನಲ್ಲಿ ಟೈಪಿಸಿ, ಎಕ್ಸ್‌ಪೋರ್ಟ್ ಮಾಡಿ ದೊಡ್ಡ ಪರದೆಯಲ್ಲಿ ನೋಡುವಂತೆ ಮಾಡಬಹುದು. ಅದಕ್ಕೆ ಅರ್ಧ ತರಗತಿಯೂ ಬೇಡ.